ಅಥಾಬಾಸ್ಕಾದ ಡಾಂಬರು ಮರಳು, ನಮ್ಮ ತೀರದ ಡಾಂಬರು ಉಂಡೆ: ಹಾನಿಯ ಲೆಕ್ಕ ಯಾರ ಕೈಯಲ್ಲಿರಬೇಕು?

ಕೋಡಿಬಾಗ ಓದುಗ, ಕಾರವಾರ

ಕಾಳಿ, ಅಘನಾಶಿನಿ, ಶರಾವತಿಗಳ ಬಗ್ಗೆ ಇಲ್ಲಿ ಸಾಕಷ್ಟು ಬರೆದಿದ್ದೇವೆ. ಇವತ್ತು ಬಹುದೂರದ ಒಂದು ನದಿಯ ವಿಷಯ ಎತ್ತುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಅಥಾಬಾಸ್ಕಾ ನದಿ ಉತ್ತರಕ್ಕೆ ಹರಿಯುತ್ತದೆ. ಅದರ ಆಸುಪಾಸಿನ ಕಾಡು ಮತ್ತು ಜೌಗಿನ ಅಡಿಯಲ್ಲಿ ಡಾಂಬರು ಮೆತ್ತಿದ ಮರಳಿನ ದೊಡ್ಡ ಪದರವಿದೆ. ಅಥಾಬಾಸ್ಕಾ, ಕೋಲ್ಡ್ ಲೇಕ್, ಪೀಸ್ ರಿವರ್ ಎಂಬ ಮೂರು ನಿಕ್ಷೇಪಗಳೂ ಸೇರಿ ಸುಮಾರು 1,42,000 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಕರ್ನಾಟಕದ ಮುಕ್ಕಾಲು ಭಾಗ. ದೊಡ್ಡ ಪ್ರಮಾಣದ ಗಣಿಗಾರಿಕೆ 1967ರಲ್ಲಿ ಆರಂಭವಾಯಿತು. ಈಗ ದಿನಕ್ಕೆ 30 ಲಕ್ಷ ಬ್ಯಾರೆಲ್‌ಗಿಂತ ಹೆಚ್ಚು ತೈಲ ಅಲ್ಲಿಂದ ಬರುತ್ತದೆ.

ಕೊಳವೆ ಬಾವಿ ಕೊರೆದರೆ ಚಿಮ್ಮುವ ತೈಲ ಇದಲ್ಲ. ನೂರು ಕಿಲೋ ಮರಳು ತೊಳೆದರೆ ಹತ್ತು ಹನ್ನೆರಡು ಕಿಲೋ ಬಿಟುಮೆನ್, ಅಂದರೆ ಡಾಂಬರಿನಂಥ ಗಟ್ಟಿ ತೈಲ, ಸಿಕ್ಕೀತು. ಒಂದು ಬ್ಯಾರೆಲ್ ತೈಲಕ್ಕೆ ಸುಮಾರು ಎರಡು ಟನ್ ಮರಳು ಅಗೆಯಬೇಕು. ಅದಕ್ಕೂ ಮೊದಲು ಮರ ಕಡಿದು, ಜೌಗಿನ ನೀರು ಬಸಿದು, ಹತ್ತಾರು ಮೀಟರ್ ಮೇಲ್ಮಣ್ಣು ಸರಿಸಬೇಕು. ಮರಳನ್ನು ನಾನೂರು ಟನ್ ಹೊರುವ ವಾಹನಗಳಲ್ಲಿ ಸಾಗಿಸಿ, ಬಿಸಿನೀರಿನಲ್ಲಿ ಕದಡಿ, ಮೇಲೆ ಬಂದ ನೊರೆಯಿಂದ ಬಿಟುಮೆನ್ ತೆಗೆಯುತ್ತಾರೆ. ಉಳಿದ ನೀರು, ಜೇಡಿ, ತೈಲದ ಅಂಶ, ನ್ಯಾಫ್ಥೆನಿಕ್ ಆಮ್ಲ ಎಲ್ಲವೂ ಮಣ್ಣಿನ ಕಟ್ಟೆ ಹಾಕಿದ ಕೊಳಗಳಿಗೆ ಹೋಗುತ್ತವೆ.

ನನ್ನ ನಿದ್ದೆ ಕೆಡಿಸಿದ್ದು ಈ ಕೊಳಗಳು. ಅವುಗಳಲ್ಲಿ ನಿಂತಿರುವ ತ್ಯಾಜ್ಯ ಈಗ 1.3 ಲಕ್ಷ ಕೋಟಿ ಲೀಟರ್ ಮೀರಿದೆ. ನಮ್ಮ ಜಲಾಶಯಗಳ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 46 ಟಿಎಂಸಿ. ಕೆಆರ್‌ಎಸ್ ಭರ್ತಿಯಾದಾಗ ಹಿಡಿಯುವುದು 49 ಟಿಎಂಸಿ. ಆ ಜೇಡಿ ತಾನಾಗಿ ತಳಕ್ಕೆ ಇಳಿಯಬೇಕಾದರೆ ದಶಕಗಳೇ ಬೇಕು, ಅಷ್ಟು ನಯವಾದ ಕಣ. 2008ರ ಏಪ್ರಿಲ್‌ನಲ್ಲಿ ವಲಸೆ ಬಂದ ಬಾತುಗಳು ಸರೋವರವೆಂದು ನಂಬಿ ಇಂಥ ಒಂದು ಕೊಳಕ್ಕೆ ಇಳಿದವು. ಸತ್ತ ಹಕ್ಕಿಗಳ ಎಣಿಕೆ 1,606ಕ್ಕೆ ಮುಟ್ಟಿತು. ಆ ಗಣಿಯ ಕಂಪನಿ ಸಿನ್‌ಕ್ರೂಡ್‌ಗೆ 2010ರಲ್ಲಿ 30 ಲಕ್ಷ ಡಾಲರ್ ದಂಡ ಬಿತ್ತು.

ಇಂಥ ಹಾನಿ ನಡೆಯುವಾಗ ಅದನ್ನು ಅಳೆಯುವವರು ಯಾರು, ಕೆಳದಂಡೆಯವರಿಗೆ ತಿಳಿಸುವವರು ಯಾರು? ಅಲ್ಲಿಯ ಅನುಭವದಿಂದ ನಾವು ಕಲಿಯಬೇಕಾದ ಮುಖ್ಯ ಸಂಗತಿ ಇದೇ ಎಂದು ನನಗೆ ಅನಿಸುತ್ತದೆ. ಗೊತ್ತಿದ್ದವರು ಬರೆಯಿರಿ.

ಅರಬೈಲ್ ಘಟ್ಟ, ಯಲ್ಲಾಪುರ

ನಾನು ಲಾರಿ ನಡೆಸುವವನು, ನೇರವಾಗಿ ಕೇಳುತ್ತೇನೆ. ನಮ್ಮ ಘಟ್ಟದ ರಸ್ತೆಗೆ ಡಾಂಬರು ಬೇಕು, ಗಾಡಿಗೆ ಡೀಸೆಲ್ ಬೇಕು. ಕಾರವಾರದ ಬೈತಖೋಲ ಬಂದರಿಗೇ ಹಡಗಿನಲ್ಲಿ ಡಾಂಬರು ಬಂದಿಳಿಯುತ್ತದೆ, ಅದನ್ನು ಹೊತ್ತು ಎಷ್ಟೋ ಕುಟುಂಬಗಳು ಬದುಕಿವೆ. ಇನ್ನೊಂದು ಮಾತು. ಅಥಾಬಾಸ್ಕಾ ದಡದಲ್ಲಿ ಡಾಂಬರು ತಾನಾಗಿಯೇ ಒಸರುತ್ತದೆ ಎಂದು ಓದಿದ್ದೇನೆ. ಅಲ್ಲಿಯ ಮೂಲನಿವಾಸಿಗಳು ಅದನ್ನು ಮರದ ಅಂಟಿನೊಡನೆ ಬೆರೆಸಿ ದೋಣಿಯ ಸಂದಿಗಳಿಗೆ ಬಳಿಯುತ್ತಿದ್ದರಂತೆ. ಹದಿನೆಂಟನೇ ಶತಮಾನದಲ್ಲಿ ಅಲ್ಲಿಗೆ ಹೋದ ಯುರೋಪಿನವರೇ ಇದನ್ನು ಬರೆದಿಟ್ಟಿದ್ದಾರೆ. ಹಾಗಿದ್ದ ಮೇಲೆ ನದಿಯಲ್ಲಿ ಡಾಂಬರಿನ ಅಂಶ ಕಂಡರೆ ಅದು ಗಣಿಯದೇ ಎಂದು ಹೇಗೆ ಹೇಳುತ್ತೀರಿ?

ರಸಾಯನ ಮಾಸ್ತರ, ಕುಮಟಾ

ಅಣ್ಣ, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ವರ್ಷಗಟ್ಟಲೆ ಅಲ್ಲಿಯ ಉದ್ಯಮವೂ ಸರ್ಕಾರವೂ ಕೊಟ್ಟ ಉತ್ತರ ಇದೇ ಆಗಿತ್ತು. ನದಿಯ ಪರೀಕ್ಷೆಗೆಂದು 1997ರಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಅದಕ್ಕೆ ಹಣ ಬರುತ್ತಿದ್ದದ್ದು ಉದ್ಯಮದಿಂದ. ನದಿಯಲ್ಲಿ ಕಾಣುವುದೆಲ್ಲ ನೈಸರ್ಗಿಕ ಒಸರು ಎಂಬುದು ಅದರ ಆಧಾರದ ಮೇಲೆ ಹೇಳಿದ ಮಾತು.

ಪರಿಸರ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಇದನ್ನು ಒಪ್ಪಲಿಲ್ಲ. ಅವರು ನದಿಯ ನೀರಿನ ಜೊತೆಗೆ ಹಿಮವನ್ನೂ ಪರೀಕ್ಷಿಸಿದರು. ಆ ಜಾಣತನ ನೋಡಿ. ದಡದಿಂದ ಒಸರುವ ಡಾಂಬರು ಆಕಾಶದಿಂದ ಹಿಮದ ಮೇಲೆ ಬಂದು ಬೀಳುವುದಿಲ್ಲ. ಹಿಮದ ಮೇಲೆ ಏನಾದರೂ ಸಿಕ್ಕರೆ ಅದು ಚಿಮಣಿಯಿಂದ, ಗಣಿಯ ಧೂಳಿನಿಂದ ಬಂದದ್ದು. 2009ರಲ್ಲಿ ಪ್ರಕಟವಾದ ಫಲಿತಾಂಶ ಇದು: ಸಂಸ್ಕರಣಾ ಘಟಕಗಳ ಸುತ್ತಲಿನ 50 ಕಿಲೋಮೀಟರ್ ಒಳಗೆ ನಾಲ್ಕು ತಿಂಗಳ ಹಿಮದ ಮೇಲೆ 11,400 ಟನ್ ಕಣ ಬಿದ್ದಿತ್ತು. ಅದರಲ್ಲಿದ್ದ ಬಹುಚಕ್ರೀಯ ಆರೊಮ್ಯಾಟಿಕ್ ಸಂಯುಕ್ತಗಳ ಪ್ರಮಾಣ 600 ಟನ್ ಬಿಟುಮೆನ್‌ಗೆ ಸಮ. ಇವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ, ಮೀನಿನ ಮೊಟ್ಟೆಗೂ ಮರಿಗೂ ಮಾರಕ. ಹಿಮ ಕರಗುವುದು ವಸಂತದಲ್ಲಿ. ಮೀನು ಮೊಟ್ಟೆಯಿಡುವುದೂ ಆಗಲೇ. ಮರುವರ್ಷ ಅದೇ ತಂಡ ಪಾದರಸ, ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಮುಂತಾದ 13 ಧಾತುಗಳ ಕುರಿತೂ ವರದಿ ಮಾಡಿತು.

ಇನ್ನೊಂದು ತಂಡ 2013ರಲ್ಲಿ ಸುತ್ತಲಿನ ಸರೋವರಗಳ ತಳದ ಕೆಸರನ್ನು ಪದರ ಪದರವಾಗಿ ಪರೀಕ್ಷಿಸಿತು. 1960ರ ದಶಕದಿಂದ ಈಚಿನ ಪದರಗಳಲ್ಲಿ ಈ ಸಂಯುಕ್ತಗಳು ಎರಡೂವರೆ ಪಟ್ಟಿನಿಂದ 23 ಪಟ್ಟಿನವರೆಗೆ ಏರಿದ್ದವು. ಒಸರು ಸಾವಿರಾರು ವರ್ಷಗಳಿಂದ ಇದೆ. ಏರಿಕೆ ಗಣಿಯ ಜೊತೆಗೆ ಬಂದಿದೆ.

ಬೈತಖೋಲಕ್ಕೆ ಬರುವ ಡಾಂಬರಿನ ಬಗ್ಗೆ ಒಂದು ಸ್ಪಷ್ಟನೆ. ರಸ್ತೆಯ ಡಾಂಬರು ಸಾಮಾನ್ಯ ಕಚ್ಚಾತೈಲ ಶುದ್ಧೀಕರಿಸಿದ ಮೇಲೆ ತಳದಲ್ಲಿ ಉಳಿಯುವ ವಸ್ತು. ನಮ್ಮ ದೇಶ ಹೊರಗಿನಿಂದ ತರಿಸುವ ಡಾಂಬರಿನಲ್ಲಿ ಬಹುಪಾಲು ಕೊಲ್ಲಿ ರಾಷ್ಟ್ರಗಳದ್ದು. ರಸ್ತೆ ಬೇಕು ಎನ್ನುವುದಕ್ಕೂ ಡಾಂಬರು ಮರಳಿನ ಗಣಿ ಬೇಕು ಎನ್ನುವುದಕ್ಕೂ ಸಂಬಂಧವಿಲ್ಲ. ಅಲ್ಲಿಯ ಬಿಟುಮೆನ್ನಿನ ಹೆಚ್ಚಿನ ಪಾಲು ಕೊನೆಗೆ ಪೆಟ್ರೋಲ್, ಡೀಸೆಲ್ ಆಗಿ ಉರಿದುಹೋಗುತ್ತದೆ.

ಮಾಜಾಳಿ ತೀರ

ಮಾಸ್ತರರೇ, 600 ಟನ್ ಎಂದು ಓದಿ ಅಲ್ಲೇ ನಿಂತೆ. 2006ರ ಮೇ 30ರಂದು ಓಶನ್ ಸೆರಾಯಾ ಎಂಬ ಹಡಗು ದೇವಗಡ ನಡುಗಡ್ಡೆಯ ಬಂಡೆಗೆ ಬಡಿಯಿತಲ್ಲ, ಅದರಲ್ಲಿ ಇದ್ದದ್ದು ಸುಮಾರು 650 ಟನ್ ಇಂಧನ ತೈಲ. ಹಡಗು ಮುರಿಯಿತು, ತೈಲ ನಮ್ಮ ತೀರಕ್ಕೂ ಗಡಿಯಾಚೆ ಗೋವಾದ ತೀರಕ್ಕೂ ಬಂತು. ನಾನು ಆಗ ಶಾಲೆಯಲ್ಲಿದ್ದೆ. ನಮ್ಮದು ರಂಪಣಿ ಎಳೆಯುವ ಮನೆತನ. ಬಲೆಯ ಕಣ್ಣಿಗೆ ಆ ಕಪ್ಪು ಅಂಟು ಸೇರಿಕೊಂಡರೆ ನೀರಿನಿಂದ ಹೋಗುವುದಿಲ್ಲ, ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒಂದೊಂದೇ ಕಣ್ಣನ್ನು ಉಜ್ಜಬೇಕು. ಉಜ್ಜಿದ ಬೆರಳ ತುದಿ ಸುಲಿದು ಉರಿಯುತ್ತದೆ. ಆಯಿ ಮತ್ತು ಚಿಕ್ಕಮ್ಮಂದಿರು ಅಂಗಳದಲ್ಲಿ ಸಾಲಾಗಿ ಕೂತು ಅದನ್ನೇ ಮಾಡುತ್ತಿದ್ದರು. ಎಷ್ಟು ಉಜ್ಜಿದರೂ ಹಗ್ಗದ ಹುರಿಯೊಳಗೆ ಹೊಕ್ಕದ್ದು ಹೊರಗೆ ಬರುತ್ತಿರಲಿಲ್ಲ. ಅಂಥ ಬಲೆಯಲ್ಲಿ ಬಿದ್ದ ಬಾಂಗಡೆಗೆ ಎಣ್ಣೆಯ ವಾಸನೆ ಎಂದು ಪೇಟೆಯಲ್ಲಿ ಕೊಳ್ಳುವವರು ಮೂಗು ಮುರಿದರು.

ನಮ್ಮಲ್ಲಿ ಅದು ಒಂದು ಅಪಘಾತ. ಜಿಲ್ಲೆಯೇ ಮಾತನಾಡಿತು. ಅಲ್ಲಿ ಒಂದು ಹಡಗಿನಷ್ಟು ತೈಲ ಒಂದು ಚಳಿಗಾಲದಲ್ಲಿ ಗಾಳಿಯಿಂದ ಸದ್ದಿಲ್ಲದೆ ಇಳಿದಿದೆ. ಅದನ್ನು ಯಾರೋ ಪುಣ್ಯಾತ್ಮರು ಹಿಮ ಬಗೆದು ನೋಡಿದ್ದರಿಂದ ಗೊತ್ತಾಯಿತು ಅಂದರೆ ಹೊಟ್ಟೆಯೊಳಗೆ ಬೆಂಕಿ ಬೀಳುತ್ತದೆ.

ಆ ತೈಲ ನೀರಿಗೆ ಬಿದ್ದರೆ ತೇಲುತ್ತದೆಯೋ ಮುಳುಗುತ್ತದೆಯೋ? ಮುಳುಗಿದರೆ ನಮ್ಮಂಥವರಿಗೆ ಇನ್ನೂ ಕಷ್ಟ. ತಿಸರೆ, ಕಲ್ವದಂಥ ಚಿಪ್ಪಿನ ಜೀವಿಗಳೆಲ್ಲ ತಳದಲ್ಲಿ ಇರುವಂಥವು.

ರಸಾಯನ ಮಾಸ್ತರ, ಕುಮಟಾ

ತಂಗಿ, ಮೊದಲು ತೇಲುತ್ತದೆ, ಆಮೇಲೆ ಮುಳುಗುತ್ತದೆ. ಬಿಟುಮೆನ್ ತಾನಾಗಿ ಪೈಪಿನಲ್ಲಿ ಹರಿಯದು, ಹಗುರ ದ್ರಾವಕ ಬೆರೆಸಿ ತೆಳ್ಳಗೆ ಮಾಡುತ್ತಾರೆ. ಚೆಲ್ಲಿದಾಗ ದ್ರಾವಕ ಗಾಳಿಗೆ ಹಾರುತ್ತದೆ, ಹತ್ತಿರದ ಜನರಿಗೆ ತಲೆನೋವು, ವಾಂತಿ. ಉಳಿದ ಭಾರದ ಭಾಗಕ್ಕೆ ಮಣ್ಣಿನ ಕಣ ಅಂಟಿಕೊಂಡು ತಳ ಸೇರುತ್ತದೆ. 2010ರ ಜುಲೈನಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಎನ್‌ಬ್ರಿಡ್ಜ್ ಕಂಪನಿಯ ಕೊಳವೆ ಒಡೆದು ಕಲಮಜೂ ನದಿಗೆ ಆದದ್ದು ಇದೇ. ಎಚ್ಚರಿಕೆ ಗಂಟೆ ಬಾರಿಸುತ್ತಿದ್ದರೂ ನಿಯಂತ್ರಣ ಕೊಠಡಿಯವರು ಪಂಪು ಮತ್ತೆ ಚಾಲೂ ಮಾಡಿದರು. ಒಡೆದದ್ದು ಪತ್ತೆಯಾಗುವ ಹೊತ್ತಿಗೆ 17 ಗಂಟೆ ಕಳೆದಿತ್ತು. ತೇಲು ತಡೆಗಳು ತಳಕ್ಕಿಳಿದ ತೈಲವನ್ನು ಹಿಡಿಯಲಾರವು. ನದಿಯ ತಳವನ್ನೇ ಕೆರೆದು ಎತ್ತಬೇಕಾಯಿತು. ಆ ಕೆಲಸ 2014ರವರೆಗೆ ನಡೆಯಿತು, ಖರ್ಚು ನೂರು ಕೋಟಿ ಡಾಲರ್ ದಾಟಿತು.

ಹೊನ್ನಾವರದಿಂದ ಕ್ಯಾಲ್ಗರಿಗೆ

ನಾನು ಕೆಲವು ಕಾಲ ಈ ಗಣಿಗಳ ಸೀಮೆಯ ಫೋರ್ಟ್ ಮೆಕ್‌ಮರಿ ಪಟ್ಟಣದ ಬಳಿ ಗುತ್ತಿಗೆದಾರರ ಕೈಕೆಳಗೆ ಉಪಕರಣಗಳ ದುರಸ್ತಿ ಮಾಡಿದ್ದೇನೆ. ಕಂಡದ್ದನ್ನು ಬರೆಯುತ್ತೇನೆ.

ಕೊಳದ ಸುತ್ತ ಹಕ್ಕಿಗಳನ್ನು ಓಡಿಸಲು ಅನಿಲದ ತೋಪುಗಳಿವೆ. ಹಗಲೂ ರಾತ್ರಿ ಢಂ ಢಂ ಎನ್ನುತ್ತಿರುತ್ತವೆ. ನೀರಿನ ಮೇಲೆ ಕಿತ್ತಳೆ ಬಣ್ಣದ ಬೆರ್ಚಪ್ಪಗಳು ತೇಲುತ್ತವೆ. ಚಳಿಗಾಲದಲ್ಲಿ ಇಡೀ ನೆಲ ಹೆಪ್ಪುಗಟ್ಟಿದರೂ ಬಿಸಿ ತ್ಯಾಜ್ಯ ಬೀಳುವ ಜಾಗದಲ್ಲಿ ಮಾತ್ರ ನೀರು ತೆರೆದಿರುತ್ತದೆ, ಮೇಲೆ ಹಬೆ. ದಣಿದು ಬಂದ ಹಕ್ಕಿಗೆ ಕಾಣುವ ತೆರೆದ ನೀರು ಅದೊಂದೇ. 2008ರಲ್ಲಿ ಆದದ್ದೂ ಹಾಗೆಯೇ. ಆ ವರ್ಷ ಹಿಮ ಇನ್ನೂ ಕರಗಿರಲಿಲ್ಲ, ತೋಪುಗಳನ್ನು ಹೊತ್ತಿಗೆ ಸರಿಯಾಗಿ ಇಟ್ಟಿರಲಿಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. ಸಂಬಳ ಒಳ್ಳೆಯದು. ಗಣಿಗಳ ನಡುವೆಯೇ ಇರುವ ಫೋರ್ಟ್ ಮೆಕೇ ಎಂಬ ಮೂಲನಿವಾಸಿ ಸಮುದಾಯ ತನ್ನದೇ ಕಂಪನಿಗಳನ್ನು ಕಟ್ಟಿ ಇದೇ ಉದ್ಯಮದಿಂದ ದೊಡ್ಡ ಆದಾಯ ಗಳಿಸುತ್ತದೆ. ಅದೇ ಸಮುದಾಯ ತಮ್ಮ ಗಾಳಿಯ ವಾಸನೆಯ ಬಗ್ಗೆ, ಕಳೆದುಹೋದ ಬೇಟೆಯ ನೆಲದ ಬಗ್ಗೆ ದೂರು ಕೊಡುತ್ತಲೂ ಇರುತ್ತದೆ. ಕೆಲಸ ಪಡೆದವರಿಗೆ ಬಾಯಿಲ್ಲ ಎಂದು ತಿಳಿಯಬೇಡಿ.

ಗಣಿ ಅಗೆಯದೆ ತೆಗೆಯುವ ವಿಧಾನವೂ ಇದೆ. ನಿಕ್ಷೇಪದ ಸುಮಾರು 80 ಪ್ರತಿಶತ ಅಷ್ಟು ಆಳದಲ್ಲಿದೆ, ಅಗೆಯಲಾಗದು. ಒಂದರ ಮೇಲೊಂದು ಎರಡು ಅಡ್ಡ ಬಾವಿ ಕೊರೆದು, ಮೇಲಿನದರಿಂದ 200 ಡಿಗ್ರಿಗೂ ಹೆಚ್ಚು ಬಿಸಿಯ ಹಬೆ ತುಂಬಿ, ಕರಗಿ ಇಳಿದದ್ದನ್ನು ಕೆಳಗಿನದರಿಂದ ಎತ್ತುತ್ತಾರೆ. ಮೇಲೆ ದೊಡ್ಡ ಹೊಂಡ ಕಾಣುವುದಿಲ್ಲ, ತ್ಯಾಜ್ಯ ಕೊಳವೂ ಇಲ್ಲ. ಆದರೆ ಹಬೆಗಾಗಿ ಉರಿಸುವ ನೈಸರ್ಗಿಕ ಅನಿಲ ಅಪಾರ. ಗಣಿಯಿಂದ ಗಾಡಿಯ ಹೊಗೆಯವರೆಗೆ ಒಟ್ಟು ಲೆಕ್ಕ ಹಾಕಿದರೆ ಈ ತೈಲದ ಹಸಿರುಮನೆ ಅನಿಲ ಅಮೆರಿಕದಲ್ಲಿ ಬಳಸುವ ಸರಾಸರಿ ಕಚ್ಚಾತೈಲಕ್ಕಿಂತ 17 ಪ್ರತಿಶತದಷ್ಟು ಹೆಚ್ಚು ಎಂದು ಕೀಸ್ಟೋನ್ ಎಕ್ಸ್‌ಎಲ್ ಕೊಳವೆ ಮಾರ್ಗದ ಪರಿಶೀಲನೆಯ ವೇಳೆ 2014ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯೇ ಹೇಳಿತ್ತು.

ಸೊಪ್ಪಿನಬೆಟ್ಟ, ಶಿರಸಿ

ಎಲ್ಲರೂ ನದಿಯ ಬಗ್ಗೆ ಬರೆದಿರಿ, ನಾನು ಜೌಗಿನ ಬಗ್ಗೆ ಬರೆಯುತ್ತೇನೆ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೇಸಿಗೆಯಲ್ಲೂ ಅಲ್ಲಿ ಕಾಲಿಟ್ಟರೆ ನೀರು ಜಿನುಗುತ್ತದೆ, ಮರಗಳು ಮೊಣಕಾಲಿನಂಥ ಬೇರನ್ನು ಮೇಲೆತ್ತಿ ಉಸಿರಾಡುತ್ತವೆ, ಕೆಳಗಿನ ತೋಟಗಳ ಹಳ್ಳ ಬತ್ತದಿರುವುದು ಅದರಿಂದ. ಜಡ್ಡಿಯನ್ನು ಬಸಿದು ಅಡಕೆ ಹಾಕಿದವರು ಆಮೇಲೆ ಎಷ್ಟು ಗಿಡ ನೆಟ್ಟರೂ ಜಡ್ಡಿ ಮರಳಲಿಲ್ಲ.

ಆಲ್ಬರ್ಟಾದ ಪಾಚಿಯ ಜೌಗು ಸಾವಿರಾರು ವರ್ಷಗಳಲ್ಲಿ ಪದರಗಟ್ಟಿದ್ದು. ನೀರನ್ನೂ ಇಂಗಾಲವನ್ನೂ ಹಿಡಿದಿಟ್ಟ ನೆಲ. ಅದನ್ನು ಕೆತ್ತಿ ತೆಗೆದ ಮೇಲೆ 'ಪುನಶ್ಚೇತನ' ಎಂದು ಮಾಡುವುದು ಬಹುಪಾಲು ಒಣ ಗುಡ್ಡ, ಅದರ ಮೇಲೆ ಮರ. 2008ರಲ್ಲಿ ಅಲ್ಲಿಯ ಸರ್ಕಾರ ಮೊದಲ ಬಾರಿಗೆ ಪ್ರಮಾಣಪತ್ರ ಕೊಟ್ಟದ್ದು 104 ಹೆಕ್ಟೇರ್‌ಗೆ. ನಾಲ್ಕು ದಶಕ ಅಗೆದ ಮೇಲೆ 104 ಹೆಕ್ಟೇರ್! ನಮ್ಮ ಸೀಮೆಯ ಒಂದು ಸಣ್ಣ ಊರಿನ ಬೆಟ್ಟ ಅಷ್ಟಿರುತ್ತದೆ. ಮುಚ್ಚುವ ಖರ್ಚಿಗೆ ಕಂಪನಿಗಳಿಂದ ಸರ್ಕಾರ ಪಡೆದಿಟ್ಟ ಠೇವಣಿಯೂ ಒಟ್ಟು ಹೊಣೆಯ ಸಣ್ಣ ಪಾಲು ಮಾತ್ರ. ಗಣಿ ಬರಿದಾದ ದಿನ ಕಂಪನಿ ಎದ್ದು ಹೋದರೆ ಕೊಳ ಯಾರದು?

ಮರ ಕಡಿಯುವ ಮೊದಲು ಅಡ್ಡ ನಿಲ್ಲಬೇಕು, ಕಡಿದ ಮೇಲೆ ನೆಡುತ್ತೇವೆ ಎಂಬ ಮಾತಿಗೆ ಬೆಲೆ ಕಡಿಮೆ ಎಂದು 1983ರ ಸೆಪ್ಟೆಂಬರ್‌ನಲ್ಲಿ ಸಾಲಕಣಿಯವರು ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡಾಗಲೇ ನಮಗೆ ತಿಳಿದಿತ್ತು.

ಅರಬೈಲ್ ಘಟ್ಟ, ಯಲ್ಲಾಪುರ

ಹಿಮದ ವಿಷಯ ಒಪ್ಪಬೇಕಾದ್ದೇ. ಆದರೂ ಕೆನಡಾ ಸಿರಿವಂತ ದೇಶ, ಕಾನೂನು ಗಟ್ಟಿ, ಅಧಿಕಾರಿಗಳು ಬಿಗಿ. ಅಲ್ಲಿಯೇ ಹೀಗಾದರೆ ಬೇರೆ ಎಲ್ಲಿ ಸರಿಯಾದೀತು?

ಕೋಡಿಬಾಗ ಓದುಗ, ಕಾರವಾರ

ಅಣ್ಣ, ಅದಕ್ಕೇ ಈ ಚರ್ಚೆ ಎತ್ತಿದ್ದು. ಇಂಪೀರಿಯಲ್ ಆಯಿಲ್ ಕಂಪನಿಯ ಕರ್ಲ್ ಗಣಿಯಲ್ಲಿ ಆದದ್ದನ್ನು ಕೇಳಿ. 2022ರ ಮೇ ತಿಂಗಳಲ್ಲಿ ಕೊಳದ ಹೊರಗೆ ಬಣ್ಣಗೆಟ್ಟ ನೀರು ಕಂಡಿತು. ಕೊಳದಿಂದ ಸೋರುತ್ತಿತ್ತು. 2023ರ ಫೆಬ್ರವರಿಯ ಹೊತ್ತಿಗೆ ಅದೇ ಗಣಿಯ ಇನ್ನೊಂದು ಕಡೆ 53 ಲಕ್ಷ ಲೀಟರ್ ತ್ಯಾಜ್ಯ ನೀರು ಉಕ್ಕಿ ಹರಿಯಿತು. ಆಗ ನಿಯಂತ್ರಣ ಸಂಸ್ಥೆ ಆದೇಶ ಹೊರಡಿಸಿದ ಮೇಲೆಯೇ ಅಥಾಬಾಸ್ಕಾ ಚಿಪೆವ್ಯಾನ್, ಮಿಕಿಸ್ಯೂ ಕ್ರೀ ಎಂಬ ಮೂಲನಿವಾಸಿ ಸಮುದಾಯಗಳಿಗೆ ನಿಜಸ್ಥಿತಿ ಗೊತ್ತಾಯಿತು. ಒಂಬತ್ತು ತಿಂಗಳು ಅವರು ಆ ನೆಲದಲ್ಲಿ ಬೇಟೆಯಾಡಿದರು, ಮೀನು ಹಿಡಿದರು, ತಂದು ಉಂಡರು. ಕಂಪನಿಯ ಮುಖ್ಯಸ್ಥರು ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು. 2024ರಲ್ಲಿ ನಿಯಂತ್ರಣ ಸಂಸ್ಥೆ ಹಾಕಿದ ದಂಡ 50,000 ಡಾಲರ್.

ಕೆಳದಂಡೆಯ ಫೋರ್ಟ್ ಚಿಪೆವ್ಯಾನ್ ಊರಿಗೆ ವರ್ಷವಿಡೀ ಸಾಗುವ ರಸ್ತೆ ಇಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲದ ಮೇಲಿನ ದಾರಿ, ಉಳಿದ ಕಾಲ ದೋಣಿ ಮತ್ತು ವಿಮಾನ. ಅಲ್ಲಿ ಸೇವೆ ಮಾಡುತ್ತಿದ್ದ ವೈದ್ಯ ಜಾನ್ ಓ'ಕಾನರ್ ಅಪರೂಪದ ಕ್ಯಾನ್ಸರ್‌ಗಳು ಹೆಚ್ಚು ಕಾಣುತ್ತಿವೆ ಎಂದು 2006ರಲ್ಲಿ ಬಹಿರಂಗವಾಗಿ ಹೇಳಿದರು. ಕೇಂದ್ರ ಆರೋಗ್ಯ ಇಲಾಖೆಯ ವೈದ್ಯರು ಅವರ ಮೇಲೆಯೇ ದೂರು ಹಾಕಿದರು, ಜನರಲ್ಲಿ ಅನಗತ್ಯ ಭಯ ಹುಟ್ಟಿಸಿದರು ಎಂಬ ಆರೋಪ. 2009ರಲ್ಲಿ ಪ್ರಾಂತ್ಯದ ಕ್ಯಾನ್ಸರ್ ಮಂಡಳಿಯ ಅಧ್ಯಯನ ಬಂತು: 39 ಪ್ರಕರಣ ನಿರೀಕ್ಷಿಸಬಹುದಾದ ಕಡೆ 51 ಇದ್ದವು. ಊರು ಚಿಕ್ಕದು, ಇದು ಆಕಸ್ಮಿಕವೂ ಇರಬಹುದು, ನಿಗಾ ಮುಂದುವರಿಸಬೇಕು ಎಂದು ಅಧ್ಯಯನ ಹೇಳಿತು. ವೈದ್ಯರು ಆರೋಪದಿಂದ ಮುಕ್ತರಾದರು. ಗಣಿಯಿಂದಲೇ ಕ್ಯಾನ್ಸರ್ ಬಂತು ಎಂದು ನಾನು ಹೇಳುತ್ತಿಲ್ಲ, ಅಷ್ಟು ಪುರಾವೆ ಇಲ್ಲ. ಗಣಿ ಶುರುವಾಗುವ ಮೊದಲಿನ ನೀರು, ಮೀನು, ಆರೋಗ್ಯದ ಲೆಕ್ಕ ಊರಿನವರ ಕೈಯಲ್ಲಿ ಇಲ್ಲದ್ದರಿಂದ ಹೌದೆಂದೂ ಅಲ್ಲವೆಂದೂ ಸಾಧಿಸಲಾಗದ ಸ್ಥಿತಿಗೆ ಆ ಜನ ಬಂದು ನಿಂತಿದ್ದಾರೆ. ನನಗೆ ಅತಿ ದೊಡ್ಡ ಅನ್ಯಾಯ ಎನಿಸುವುದು ಅದು.

2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದದ್ದನ್ನೂ ಸೇರಿಸುತ್ತೇನೆ. ವಿಮಾನ ಹಾರಿಸಿ ಗಾಳಿಯನ್ನು ಅಳೆದಾಗ ಇಂಗಾಲಯುಕ್ತ ಸಾವಯವ ಮಾಲಿನ್ಯ ಉದ್ಯಮ ವರದಿ ಮಾಡಿದ್ದಕ್ಕಿಂತ ಇಪ್ಪತ್ತು ಪಟ್ಟಿನಿಂದ ಅರವತ್ತು ಪಟ್ಟಿಗೂ ಮೇಲೆ ಇತ್ತು.

ಮಾಜಾಳಿ ತೀರ

ಹಾಗಾದರೆ ನಮ್ಮ ಕೈಯಲ್ಲಿ ಏನಿದೆ? ಮಳೆಗಾಲದ ಮುನ್ನ ಸಮುದ್ರದ ತೈಲ ಗಟ್ಟಿಯಾಗಿ ಡಾಂಬರು ಉಂಡೆಯಾಗಿ ತೀರಕ್ಕೆ ಬಂದಾಗಲೆಲ್ಲ 'ಸಮುದ್ರ ಮೊದಲಿನಿಂದಲೂ ಹಾಕುತ್ತದೆ' ಎಂದು ಕೇಳಿ ಕೇಳಿ ಬೆಳೆದೆ. ದಡದಿಂದ ಒಸರುತ್ತದೆ ಎಂದು ಅಥಾಬಾಸ್ಕಾದವರಿಗೆ ಹೇಳಿದ್ದೂ ಇದನ್ನೇ ಅಲ್ಲವೇ? ಹಡಗಿನವರು ತೊಟ್ಟಿ ತೊಳೆದು ಬಿಟ್ಟದ್ದೋ, ತೈಲ ಬಾವಿಯಿಂದ ಬಂದದ್ದೋ ಯಾರೂ ನಮಗೆ ಹೇಳುವುದಿಲ್ಲ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. ಅಲ್ಲಿಯ ಬಳಚು ಎಂಬ ಚಿಪ್ಪಿನ ಜೀವಿಯ ಮೈಯಲ್ಲಿ ಇವತ್ತು ಏನಿದೆ ಎಂಬ ದಾಖಲೆ ಅದನ್ನು ಆರಿಸುವ ಹೆಂಗಸರ ಹತ್ತಿರ ಇದೆಯೇ? ನಾಳೆ ಬಂದರೋ ಕಾರ್ಖಾನೆಯೋ ಬಂದ ಮೇಲೆ ಹೋಲಿಸಲು ಏನು ತೋರಿಸುತ್ತೇವೆ?

ಮಾಸ್ತರರೇ, ಉಂಡೆಯ ಮೂಲ ಪತ್ತೆ ಮಾಡಬಹುದೇ? ನಾವು ತೀರದವರು ಸಂಗ್ರಹಿಸಿ ಕೊಟ್ಟರೆ ಉಪಯೋಗವಿದೆಯೇ?

ರಸಾಯನ ಮಾಸ್ತರ, ಕುಮಟಾ

ಖಂಡಿತ ಇದೆ. ಪ್ರತಿ ಕಚ್ಚಾತೈಲಕ್ಕೂ ಅದರದೇ ಗುರುತಿನ ಸಂಯುಕ್ತಗಳಿರುತ್ತವೆ. ಹೋಪೇನ್ ಎಂಬ ಗುಂಪಿನವು ಬಿಸಿಲು, ಉಪ್ಪುನೀರಿಗೂ ಬೇಗ ಹಾಳಾಗುವುದಿಲ್ಲ. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದಲ್ಲಿ ಅವುಗಳ ಅನುಪಾತ ನೋಡಿ ಮೂಲವನ್ನು ಹೋಲಿಸುತ್ತಾರೆ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಪಶ್ಚಿಮ ತೀರದ ಉಂಡೆಗಳನ್ನು ಹೀಗೆ ಅಧ್ಯಯನ ಮಾಡಿದ್ದಾರೆ. ನಮ್ಮ ಕೋಡಿಬಾಗದಲ್ಲೇ ಸಾಗರ ಜೀವಶಾಸ್ತ್ರ ವಿಭಾಗವಿದೆ, ಮೊದಲು ಅಲ್ಲಿ ವಿಚಾರಿಸೋಣ.

ಬರಿಗೈಯಲ್ಲಿ ಮುಟ್ಟಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ, ಪ್ಲಾಸ್ಟಿಕ್ಕಿನ ಅಂಶ ಪರೀಕ್ಷೆಯನ್ನು ಕೆಡಿಸುತ್ತದೆ. ಅಗಲ ಬಾಯಿಯ ಗಾಜಿನ ಬಾಟಲಿಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಉಂಡೆಯನ್ನು ಅದರಲ್ಲಿಟ್ಟು ನೆರಳಿನಲ್ಲಿ, ಸಾಧ್ಯವಾದರೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡಿ. ದಿನಾಂಕ, ಜಾಗ, ಭರತವೋ ಇಳಿತವೋ, ಗಾಳಿಯ ದಿಕ್ಕು ಬರೆದು ಅಂಟಿಸಿ. ಪ್ರತಿ ಮಾದರಿಯಲ್ಲೂ ಅರ್ಧ ಊರಿನಲ್ಲೇ ಉಳಿಯಲಿ, ಪೂರ್ತಿ ಯಾರ ಕೈಗೂ ಕೊಡಬೇಡಿ. ಉಂಡೆ ಬಾರದ ದಿನವೂ 'ಇಲ್ಲ' ಎಂದು ಬರೆದಿಡಬೇಕು, ಹೋಲಿಕೆಗೆ ಅದೇ ಆಧಾರ.

ಅರಬೈಲ್ ಘಟ್ಟ, ಯಲ್ಲಾಪುರ

ನನ್ನ ಗಾಡಿಗಳು ಗೋವಾಕ್ಕೆ ಹೋಗಿ ಬರುತ್ತಲೇ ಇರುತ್ತವೆ. ಪೆಟ್ಟಿಗೆ ಮುಟ್ಟಿಸುವುದು ನನಗಿರಲಿ. ಮಂಜುಗಡ್ಡೆ ಎಷ್ಟು ಹೊತ್ತು ನಿಲ್ಲಬೇಕು ಎಂದು ಮಾತ್ರ ಮೊದಲೇ ತಿಳಿಸಿ.

ಮಾಜಾಳಿ ತೀರ

ಮಾಜಾಳಿ, ದೇವಬಾಗ ನಮ್ಮ ಹೆಂಗಸರ ಸಂಘ ನೋಡಿಕೊಳ್ಳುತ್ತದೆ. ಬೇಲೆಕೇರಿ, ಗಂಗಾವಳಿ, ಗೋಕರ್ಣದ ಕಡೆಯವರು ಯಾರಿದ್ದೀರಿ? ಹೆಸರು ಇಲ್ಲಿ ಹಾಕಬೇಡಿ, ಊರು ಮಾತ್ರ ಬರೆಯಿರಿ.